ಮಡಚುವ ಟ್ರೆಕ್ಕಿಂಗ್ ಪೋಲ್: ಕಡಿದಾದ ಬೆಟ್ಟಕ್ಕೆ ಎಷ್ಟು ಸರಿ?

ಪ್ರಯಾಣದ ಬ್ಯಾಗಿಗೆ ಮಡಚುವ ಪೋಲ್ ಹೇಳಿಮಾಡಿಸಿದ್ದು. ಮಡಚಿದರೆ ಸುಮಾರು 35ರಿಂದ 40 ಸೆಂ.ಮೀ. ಅಷ್ಟೇ. ಕೊಳ್ಳುವಾಗ ಮೊದಲು ನೋಡಬೇಕಾದ್ದು ಕೋಲಿನ ಉದ್ದವನ್ನು ಬಿಗಿಯಾಗಿ ಹಿಡಿದಿಡುವ ಲಾಕ್. ತಿರುಚಿ ಬಿಗಿಮಾಡುವ ಲಾಕಿನೊಳಗೆ ಮರಳು, ತೇವ ಸೇರಿದರೆ ಹಿಡಿತ ಸಡಿಲವಾಗುತ್ತದೆ. ಇಳಿಜಾರಿನಲ್ಲಿ ಮೈಭಾರ ಹಾಕಿದ ಕ್ಷಣಕ್ಕೇ ಕೋಲು ಕುಸಿಯಬಹುದು. ಹೊರಗೆ ಲಿವರ್ ಇರುವ ಲಾಕನ್ನು ಕೈಗವಸು ತೆಗೆಯದೆಯೇ ಹೊಂದಿಸಬಹುದು, ಸ್ಕ್ರೂ ಸಡಿಲಾದರೆ ದಾರಿಯಲ್ಲೇ ಬಿಗಿಮಾಡಬಹುದು.

ಹಗುರವೆಂದು ಕಾರ್ಬನ್ ಪೋಲಿಗೆ ಮರುಳಾಗುವವರೇ ಹೆಚ್ಚು. ಆದರೆ ಬಂಡೆಯ ಸಂದಿಯಲ್ಲಿ ಸಿಕ್ಕಿ ಅಡ್ಡ ಒತ್ತಡ ಬಿದ್ದರೆ ಅದು ಲಟಕ್ಕನೆ ಮುರಿಯುತ್ತದೆ. ಅಲ್ಯೂಮಿನಿಯಂ ಸಾಮಾನ್ಯವಾಗಿ ಬಾಗುತ್ತದೆ. ಬಾಗಿದ ಕೋಲನ್ನೇ ಊರಿಕೊಂಡು ಕೆಳಗಿಳಿಯಬಹುದು. ಒರಟು ಬೆಟ್ಟಕ್ಕೆ ಅದೇ ವಾಸಿ, ತುಸು ಭಾರವಾದರೂ.

ಉದ್ದ ಬದಲಿಸಲಾಗದ ಮಾದರಿ ಬೇಡ. ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಬಾಗಿರಬೇಕು. ಏರುವಾಗ 5ರಿಂದ 10 ಸೆಂ.ಮೀ. ತಗ್ಗಿಸಿ, ಇಳಿಯುವಾಗ ಅಷ್ಟೇ ಹೆಚ್ಚಿಸಿ. ಕೈಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ತೂರಿಸಿ, ಪಟ್ಟಿ ಸಮೇತ ಹಿಡಿಯಿರಿ. ಬೆರಳುಗಳಿಗೆ ಆಯಾಸ ಕಡಿಮೆ. ಬಂಡೆರಾಶಿಯ ನಡುವೆ ಮಾತ್ರ ಪಟ್ಟಿಯಿಂದ ಕೈ ಹೊರಗಿರಲಿ, ಕೋಲು ಸಿಕ್ಕಿಕೊಂಡರೆ ಮಣಿಕಟ್ಟು ತಿರುಚುತ್ತದೆ.

ತುದಿಯ ರಬ್ಬರ್ ಟೊಪ್ಪಿ ಗಟ್ಟಿ ರಸ್ತೆಗೆ ಸರಿ. ಕೆಸರಿನಲ್ಲಿ ಅದು ಕಿತ್ತು ಹೋಗಬಹುದು, ಮೊದಲೇ ತೆಗೆದಿಡಿ.