ಶೆಫರ್ಡ್, ಮುಧೋಳ, ರಾಟ್‌ವೀಲರ್, ನಾಟಿ: ನಮ್ಮ ತೋಟದ ಮನೆಗೆ ಒಗ್ಗಿದ್ದು ಯಾವುದು?

ಹೊಳಲ್ಕೆರೆ ಕಡೆ ಅಡಿಕೆ ತೋಟದೊಳಗೆ ನಮ್ಮ ಮನೆ. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯಿಲ್ಲ. ಕಣದಲ್ಲಿ ಅಡಿಕೆ ಒಣಗುತ್ತಿದ್ದರೆ ರಾತ್ರಿ ನಿದ್ದೆಯೂ ಇಲ್ಲ. ಹಾಗಾಗಿ ಹನ್ನೆರಡು ವರ್ಷದಲ್ಲಿ ನಾಲ್ಕು ಥರದ ನಾಯಿ ಸಾಕಿದ್ದೇವೆ.

ಮೊದಲು ಬಂದದ್ದು ಜರ್ಮನ್ ಶೆಫರ್ಡ್. ಹೇಳಿದ್ದನ್ನು ಎರಡೇ ದಿನಕ್ಕೆ ಕಲಿಯುತ್ತಿತ್ತು. ಆದರೆ ಏಪ್ರಿಲ್ ಬಿಸಿಲಿಗೆ ಬಚ್ಚಲುಮನೆ ಬಿಟ್ಟು ಏಳುತ್ತಿರಲಿಲ್ಲ, ಪಟಾಕಿ ಸದ್ದಾದರೆ ಮಂಚದಡಿ. ಕಚ್ಚಿದ್ದು ಒಂದೇ ಸಲ, ಅದೂ ತೋಟದ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರು ಮಾತು ಮುಗಿಸಿ ಬೆನ್ನು ತಿರುಗಿಸಿ ಹೊರಟಾಗ ಮೀನಖಂಡಕ್ಕೆ. ಎಲ್ಲರೂ ‘ಭಾರಿ ಜೋರು ನಾಯಿ’ ಅಂದರು. ಜೋರಲ್ಲ, ಪುಕ್ಕಲು. ಧೈರ್ಯದ ನಾಯಿ ಎದುರು ನಿಂತು ತಡೆಯುತ್ತದೆ, ಹೆದರಿದ್ದು ಹಿಂದಿನಿಂದ ಬಂದು ಹಿಡಿಯುತ್ತದೆ.

ಮುಧೋಳದ್ದು ಮನೆ ಮಕ್ಕಳಿಗೆ ಬೆಣ್ಣೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ಸೈನ್ಯಕ್ಕೂ ಸೇರಿದೆ ಅಂತ ನಮ್ಮೆಜಮಾನ್ರಿಗೆ ಹೆಮ್ಮೆ. ಆದರೆ ಅದು ಕಣ್ಣಿಂದ ಬೇಟೆಯಾಡುವ ನಾಯಿ. ಮೊಲ ಕಂಡರೆ ಬೇಲಿ ಹಾರಿ ಮೂರನೇ ತೋಟದಲ್ಲಿರುತ್ತಿತ್ತು. ಗೇಟಿಗೆ ಯಾರಾದರೂ ಬಂದರೆ ದೂರ ನಿಂತು ನೋಡುವುದಷ್ಟೇ.

ರಾಟ್‌ವೀಲರ್ ವಿಷಯ ಸ್ವಲ್ಪ ಉದ್ದ. ಹೆಸರು ರಾಜ, ಈಗ ಐವತ್ತು ಕೇಜಿ ಇದೆ. ಹನ್ನೊಂದನೇ ತಿಂಗಳಲ್ಲಿ, ತಟ್ಟೆ ಪಕ್ಕ ಬಿದ್ದ ಚೆಂಡಿಗೆ ಮಗಳು ಕೈಹಾಕಿದಾಗ ಗುರ್ ಅಂದಿತು. ತರಬೇತಿಗೆ ಬರುತ್ತಿದ್ದವರು, ‘ಮನೆಗೆ ತಾನೇ ಯಜಮಾನ ಅಂದ್ಕೊಂಡಿದೆ, ಅಂಗಾತ ಕೆಡವಿ ಕತ್ತು ಒತ್ತಿಹಿಡೀರಿ’ ಅಂದರು. ನಮ್ಮೆಜಮಾನ್ರು ಹಾಗೇ ಮಾಡಿದರು. ಗುರ್ ನಿಂತಿತು. ಮೂರನೇ ವಾರ ಸದ್ದಿಲ್ಲದೆ ಅವರ ಅಂಗೈಗೇ ಬಾಯಿ ಹಾಕಿತು. ಕಚ್ಚುವ ಮೊದಲು ಅದು ಕೊಡುತ್ತಿದ್ದ ಎಚ್ಚರಿಕೆಯನ್ನು ನಾವೇ ಹೊಡೆದು ಓಡಿಸಿದ್ದೆವು.

ಈ ಯಜಮಾನಿಕೆಯ ಮಾತಿಗೆ ಬುಡ, ರುಡಾಲ್ಫ್ ಶೆಂಕೆಲ್ ಎಂಬಾತ ಕೂಡಿಹಾಕಿದ ತೋಳಗಳು ಪಟ್ಟಕ್ಕಾಗಿ ಕಾದಾಡುವುದನ್ನು ನೋಡಿ 1947ರಲ್ಲಿ ಬರೆದದ್ದು. ಅದನ್ನು ಜಗತ್ತಿಗೆಲ್ಲ ಹರಡಿದವರಲ್ಲಿ ಒಬ್ಬರಾದ ತೋಳ ತಜ್ಞ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳದ ಹಿಂಡೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಂತ ತಿದ್ದಿಕೊಂಡರು. ನಮ್ಮ ರಾಜನಿಗೆ ಬೇಕಿದ್ದದ್ದು ಪಟ್ಟವಲ್ಲ, ತಟ್ಟೆ ಉಳಿಯುತ್ತದೆ ಅನ್ನುವ ನಂಬಿಕೆ. ಮಕ್ಕಳನ್ನು ದೂರ ಇಟ್ಟು, ಅದು ಉಣ್ಣುವಾಗ ನಾನು ದೂರದಿಂದಲೇ ಒಂದು ಕೋಳಿ ತುಂಡು ಎಸೆದು ತಿರುಗಿ ಬರುತ್ತಿದ್ದೆ. ದಿನಕ್ಕೆ ಒಂದು ಹೆಜ್ಜೆ ಹತ್ತಿರ. ಎರಡು ತಿಂಗಳಿಗೆ, ನನ್ನ ಕಾಲಸಪ್ಪಳ ಕೇಳಿದರೆ ಬಾಲ ಆಡತೊಡಗಿತು. ಆದರೂ ಉಣ್ಣುವಾಗ ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ತಪ್ಪು ಒಂದು ಸಲವೇ ಆದರೂ ಆ ದವಡೆ ಸಣ್ಣದಲ್ಲ.

2024ರ ಮಾರ್ಚಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳ ಸಾಕಣೆ, ಮಾರಾಟಕ್ಕೆ ತಡೆ ಹಾಕುವ ಸುತ್ತೋಲೆ ಹೊರಡಿಸಿದಾಗ ನೆಂಟರೆಲ್ಲ ಫೋನ್ ಮಾಡಿ ‘ಬಿಟ್ಬಿಡಿ’ ಅಂದರು. ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ರಾಜ ಉಳಿದ. ಮೊದಲ ಸಲ ನಾಯಿ ಸಾಕುವವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ.

ನಾಟಿ ಹೆಣ್ಣುಮರಿ ಸಿಕ್ಕಿದ್ದು, ಚಳ್ಳಕೆರೆ ಕಡೆಯ ಕುರಿಯವರು ಪಕ್ಕದ ಹೊಲದಲ್ಲಿ ಮಂದೆ ನಿಲ್ಲಿಸಿದಾಗ. ಎರಡು ತಿಂಗಳು ತಾಯಿಯ ಜೊತೆ, ಕುರಿ, ಮಕ್ಕಳು, ಹೋಗಿಬರುವವರ ನಡುವೆ ಬೆಳೆದದ್ದು. ಮುದುಕ ತಂಬಿಗೆ ಕೆಳಗೆ ಬಿಟ್ಟು ಸದ್ದು ಮಾಡಿ ತೋರಿಸಿದ: ‘ಸದ್ದಿಗೆ ಕುಣಿಯೋದೂ ಬ್ಯಾಡ, ಮೂಲೆ ಸೇರೋದೂ ಬ್ಯಾಡ. ಬೆಚ್ಚಿ, ಆಮ್ಯಾಕೆ ಬಂದು ಮೂಸ್ತೈತಲ್ಲ, ಅದನ್ನ ಹಿಡ್ಕೊಳವ್ವ.’ ನಾಲ್ಕು ನಾಯಿಗೆ ನಾವು ಕಟ್ಟಿದ ದುಡ್ಡಿಗೆ ಇಷ್ಟು ಬೆಲೆಯ ಮಾತು ಬೇರೆಲ್ಲೂ ಸಿಗಲಿಲ್ಲ.

ಕೆಂಚಿ ಹದಿನಾರು ಕೇಜಿ. ಹಂದಿ ಬಂದರೆ ಒಂದು ಬೊಗಳು, ಮನುಷ್ಯ ಬಂದರೆ ಇನ್ನೊಂದು. ಅತ್ತೆ ಒಳಗಿನಿಂದಲೇ ಹೇಳಿಬಿಡುತ್ತಾರೆ. ಬಂದವರನ್ನು ತಡೆದು ನಿಲ್ಲುತ್ತದೆ, ನಾವು ‘ಬಿಡೇ’ ಅಂದರೆ ಬಾಲ ಇಳಿಸಿ ಬರುತ್ತದೆ. ಮನೆಗೆ ಒಂದೇ ನಾಯಿ ಅಂದರೆ ನನ್ನ ಆಯ್ಕೆ ಇದು. ಕಣದ ಕಾವಲಿಗೆ ಇಬ್ಬರೂ ಬೇಕು: ಕೆಂಚಿ ಎಚ್ಚರಿಸಲು, ರಾಜ ಸುಮ್ಮನೆ ಕಾಣಿಸಿಕೊಳ್ಳಲು.

ಇಬ್ಬರಲ್ಲಿ ಯಜಮಾನರು ಯಾರು ಅಂತ ಕೇಳುವವರಿದ್ದಾರೆ. ಮಧ್ಯಾಹ್ನ ಹಲಸಿನ ಮರದ ನೆರಳಿಗೆ ಕೆಂಚಿ ಬಂದರೆ ರಾಜ ಎದ್ದು ಜಾಗ ಬಿಡುತ್ತಾನೆ. ಸಂಜೆ ಮೂಳೆ ಹಾಕಿದಾಗ ಅವಳು ದೂರ ಕೂತು ಕಾಯುತ್ತಾಳೆ.