ಏಜೆನ್ಸಿಯವರಾ, ಗೊತ್ತಿದ್ದವರಾ? ಎರಡೂ ನೋಡಿದ್ದಾಯ್ತು

ಲಕ್ವ ಹೊಡೆದು ಅಪ್ಪನ ಎಡಭಾಗ ಸ್ವಾಧೀನ ತಪ್ಪಿದ ಮೇಲೆ ಮನೆಗೆ ಹೋಮ್ ನರ್ಸ್ ಬೇಕೇಬೇಕಾಯಿತು. ಮೊದಲ 8 ತಿಂಗಳು ಏಜೆನ್ಸಿಯವರು, ಆಮೇಲೆ ನೆಂಟರೊಬ್ಬರು ಹೇಳಿ ಕಳಿಸಿದ ಹೆಂಗಸು.

ಏಜೆನ್ಸಿಯಲ್ಲಿ ಕಾಗದಪತ್ರಕ್ಕೆ ಕೊರತೆಯಿಲ್ಲ. ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ, ತರಬೇತಿ ಸರ್ಟಿಫಿಕೇಟು, ಎಲ್ಲವೂ ಒಂದೇ ಫೈಲಿನಲ್ಲಿ. ಒಬ್ಬರು ರಜೆ ಹಾಕಿದರೆ ಮರುದಿನ ಇನ್ನೊಬ್ಬರು ಹಾಜರು. ಆದರೆ ಬದಲಿಗೆ ಬಂದವರ ಫೈಲು ಮಾತ್ರ ಬರುತ್ತಿರಲಿಲ್ಲ. ಕೇಳಿದರೆ, 'ಅವರೂ ನಮ್ಮವರೇ ಸಾರ್.' ಹಾಗೆ ಬಂದ ಒಬ್ಬಾಕೆ ಮೊದಲ ಬೆಳಗ್ಗೆಯೇ ಅಪ್ಪನನ್ನು ಕೂರಿಸಲು ಸೋತ ಕೈಯನ್ನೇ ಹಿಡಿದು ಎಳೆದಳು. ಬಲವಿಲ್ಲದ ಭುಜವನ್ನು ಹಾಗೆ ಎಳೆದರೆ ಕೀಲು ಜಾರಬಹುದು. ಅಪ್ಪ ಕೂಗಿಕೊಂಡಾಗ ನಾನು ಹಲ್ಲುಜ್ಜುತ್ತಿದ್ದೆ. ಆಮೇಲೆ ಫೈಲು ತರಿಸಿ ನೋಡಿದರೆ ಅವಳ ಸರ್ಟಿಫಿಕೇಟಿನಲ್ಲಿ 'ರೋಗಿಯನ್ನು ಏಳಿಸಿ ಕೂರಿಸುವುದು' ಎಂದು ಬರೆದೇ ಇತ್ತು!

ನೆಂಟರು ಕಳಿಸಿದಾಕೆ ಬಂದಾಗ ಕಾಗದ ಕೇಳಲು ನಮಗೇ ಸಂಕೋಚ. ಅದು ನಮ್ಮ ತಪ್ಪು. ಒಳ್ಳೆಯವಳು ಎಂದು ನಾಲ್ಕು ಜನ ಹೇಳಿದ್ದು ನಿಜವಾಗಿದ್ದರೂ, ಆಕೆ ಹಿಂದೆ ನೋಡಿಕೊಂಡ ಅಜ್ಜಿಗೆ ನುಂಗಲು ತೊಂದರೆಯಿರಲಿಲ್ಲ. ಅದೇ ರೂಢಿಯಲ್ಲಿ ಅಪ್ಪನಿಗೂ ಅರ್ಧ ಮಲಗಿಸಿಯೇ ಊಟ ಕೊಟ್ಟಳು. ಕೆಮ್ಮು ಹತ್ತಿತು. ಅನ್ನ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುವ ಅಪಾಯವಿದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ವ್ಯತ್ಯಾಸ ಕಂಡದ್ದು ಇದರ ನಂತರ. ಏಜೆನ್ಸಿಗೆ ದೂರು ಕೊಟ್ಟರೆ ಆಳನ್ನು ಬದಲಾಯಿಸುತ್ತಿದ್ದರು. ಹೊಸಬರಿಗೆ ನಾವು ಮತ್ತೆ ಮೊದಲಿಂದ ಹೇಳಬೇಕು. ಈಕೆ ಕಲಿತಳು. ಫಿಸಿಯೋಥೆರಪಿಸ್ಟ್ ಬಂದ ದಿನ ಪಕ್ಕದಲ್ಲೇ ನಿಂತು ನೋಡಿದಳು: ನಡೆಸುವಾಗ ಸೋತ ಕಡೆ ನಿಲ್ಲಬೇಕು, ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಊಟಕ್ಕೆ ನೆಟ್ಟಗೆ ಕೂರಿಸಿ, ಆಮೇಲೂ ಅರ್ಧ ಗಂಟೆ ಹಾಗೇ ಬಿಡತೊಡಗಿದಳು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಿದ್ದಳು. ಬೆನ್ನಹುಣ್ಣು ಆಗಲಿಲ್ಲ.

ಆದರೆ ಆಕೆಗೆ ಜ್ವರ ಬಂದಾಗ ಬದಲಿಗೆ ಯಾರೂ ಇಲ್ಲ. 4 ದಿನ ನಾನೇ ರಜೆ ಹಾಕಿದೆ.

ಆಪರೇಷನ್ ಆಗಿ ಹತ್ತು ಹದಿನೈದು ದಿನದ ಮಟ್ಟಿಗಾದರೆ ಏಜೆನ್ಸಿಯೇ ಸರಿ. ಆದರೆ ಬದಲಿಯವರ ಫೈಲನ್ನೂ ಮೊದಲೇ ಕೇಳಿ. ವರ್ಷಗಟ್ಟಲೆ ನೋಡಿಕೊಳ್ಳಬೇಕಾದರೆ ನನ್ನ ಆಯ್ಕೆ ಎರಡನೆಯದು, ಏಜೆನ್ಸಿಯ ಶಿಸ್ತಿನ ಜೊತೆಗೆ. ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ ಗೊತ್ತಿದ್ದವರಿಗೂ ಬೇಕು. ಹಿಂದಿನ ಮನೆಯವರಿಗೆ ನೀವೇ ಫೋನ್ ಮಾಡಿ, 'ಮತ್ತೆ ಬೇಕಾದರೆ ಇವರನ್ನೇ ಕರೀತೀರಾ?' ಎಂದು ಕೇಳಿ. ಉತ್ತರಕ್ಕಿಂತ ಉತ್ತರ ಬರುವ ಮೊದಲಿನ ಮೌನವನ್ನು ಗಮನಿಸಿ.

ಈಗ ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಹುಡುಕುತ್ತಿದ್ದೇನೆ. ಬಂದವರ ಎದುರು ನಾನೇ ಮಂಚದ ಮೇಲೆ ಮೈ ಸಡಿಲ ಬಿಟ್ಟು ಮಲಗಿ, 'ನನ್ನನ್ನು ಮಗ್ಗುಲಿಗೆ ಹೊರಳಿಸಿ ನೋಡೋಣ' ಅನ್ನುತ್ತೇನೆ. ಇಬ್ಬರು ನಕ್ಕರು. ಮೂರನೆಯವರು ಮೊದಲು ಕೈ ತೊಳೆದುಕೊಂಡು ಬಂದರು.