ಸಿಂಕ್ ಕೆಳಗೆ ಮಾತ್ರ ದುಬಾರಿ ಪ್ಲೈವುಡ್ ಸಾಕು ಅಂದ ಅಂಗಡಿ

ಮೈಸೂರಿನ ನಮ್ಮ ಹಳೇ ಮನೆಯ ಅಡುಗೆಮನೆ ಕಪಾಟು ಬದಲಾಯಿಸಲು ಹತ್ತಿರದ ಪ್ಲೈವುಡ್ ಅಂಗಡಿಗೆ ಹೋಗಿದ್ದೆ. ಎಲ್ಲಾ ಕಡೆ ದುಬಾರಿದೇ ಹಾಕಿಸಿ ಅಂತ ಅವರು ಒತ್ತಾಯ ಮಾಡಲಿಲ್ಲ, ಅದೇ ನನಗೆ ತುಂಬಾ ಹಿಡಿಸಿತು. ನೀರು ತಾಗುವ ಸಿಂಕ್ ಕೆಳಗೆ ಮಾತ್ರ ನೀರು ತಡೆದುಕೊಳ್ಳುವ ಐಎಸ್ (ಭಾರತೀಯ ಮಾನಕ) 710 ಮರೈನ್ ಪ್ಲೈ, ಮೇಲಿನ ಕಪಾಟಿಗೆ ಸಾಮಾನ್ಯ ಬಳಕೆಯ ಐಎಸ್ 303 ಪ್ಲೈ ಸಾಕು ಅಂದರು. ಹಲಗೆ ಮೇಲಿನ ಐಎಸ್ಐ ಮುದ್ರೆ ತೋರಿಸಿದರು. ಅಂಚಿನಲ್ಲಿ ಪದರಗಳ ನಡುವೆ ಸಂದು ಇದೆಯಾ ಅಂತ ಬೆರಳಾಡಿಸಿ ನೋಡಲು ಹೇಳಿದರು. ಉಳಿದ ದುಡ್ಡಿನಲ್ಲಿ ಡ್ರಾಯರ್‌ಗೆ ಒಳ್ಳೆ ಚಾನೆಲ್ (ಡ್ರಾಯರ್ ಜಾರುವ ಹಳಿ) ಹಾಕಿಸಿದೆವು. ದಿನಾ ಎಳೆದಾಡೋದು ಅದನ್ನೇ ಅಲ್ವಾ? ಲ್ಯಾಮಿನೇಟ್ ಬಣ್ಣಗಳು ಮಾತ್ರ ಇಲ್ಲಿ ಜಾಸ್ತಿ ಇಲ್ಲ. ಸಾಗಾಟದ ಬಾಡಿಗೆ ಬೇರೆ, ಮೊದಲೇ ಮಾತಾಡಿಕೊಳ್ಳಿ.